ಸಾಧನವೂ ಅದರ ಲಕ್ಷಣವೂ

ವ್ಯಾಕರಣವನ್ನು ಸ್ವಲ್ಪವಾದರೂ ಓದಿದವರಿಗೆ ಕಾರಕಗಳ ಪರಿಚಯವಿರುತ್ತದೆ. ಒಂದು ಕ್ರಿಯೆ ನಡೆಯಬೇಕಾದರೆ ಅದನ್ನು ಮಾಡುವವನೊಬ್ಬ ಬೇಕು, ಅವನು ಕರ್ತೃ. ಯಾವುದರಿಂದ ಮಾಡುತ್ತಾನೆಯೋ ಅದು ಕರಣ. ‘ರೈತನು ಹಾರೆಯಿಂದ ಕಾಯಿಯನ್ನು ಸುಲಿದನು’ ಎಂಬಲ್ಲಿ ರೈತ ಕರ್ತೃ, ಕಾಯಿ ಕರ್ಮ, ಹಾರೆ ಕರಣ. ಸ್ವತಂತ್ರನಾಗಿ ಕ್ರಿಯೆಯಲ್ಲಿ ತೊಡಗುವವನನ್ನು ಪಾಣಿನಿ ಕರ್ತೃವೆಂದು ಕರೆದ. ಕ್ರಿಯೆ ಕೈಗೂಡುವುದಕ್ಕೆ ಎಲ್ಲಕ್ಕಿಂತ ಹೆಚ್ಚು ನೆರವಾಗುವುದನ್ನು ಕರಣವೆಂದು ಕರೆದ. ಕರ್ತೃವಿಗೂ ಕರಣಕ್ಕೂ ನಡುವೆ ಇರುವ ಸಂಬಂಧ ಬಹುಮಟ್ಟಿಗೆ ಕೈಯ ಸಂಬಂಧ. ಹಾರೆಯನ್ನು ಹಿಡಿದವನಿಗೆ ಹಾರೆಯ ವಿಚಾರವನ್ನು ಯಾರೂ ಬರೆದು ಕೊಡಬೇಕಾಗಿರಲಿಲ್ಲ.

ಈಗ ಕೆಲವು ವರ್ಷಗಳಿಂದ ಲೋಕದಲ್ಲಿ ಹೊಸ ಬಗೆಯ ಕರ್ತೃವೊಂದು ಕಾಣಿಸಿಕೊಂಡಿದೆ. ಅದಕ್ಕೆ ಕೈಯಿಲ್ಲ, ಕಣ್ಣಿಲ್ಲ; ಇರುವುದು ಓದುವ ಶಕ್ತಿ ಮಾತ್ರ. ತನ್ನ ಮುಂದಿರುವ ಸಾಧನ ಯಾವುದು, ಯಾವಾಗ ಎತ್ತಿಕೊಳ್ಳಬೇಕು, ಯಾವಾಗ ಕೆಳಗಿಡಬೇಕು ಎಂಬುದನ್ನೆಲ್ಲ ಅದು ನಾಲ್ಕು ಸಾಲಿನ ಬರಹದಿಂದ ತಿಳಿಯಬೇಕು. ಆ ನಾಲ್ಕು ಸಾಲನ್ನು ಹೇಗೆ ಬರೆಯಬೇಕು ಎಂಬುದೇ ಈ ಹೊತ್ತಿನ ನನ್ನ ವಿಷಯ. ಇದು ಎಂಜಿನಿಯರುಗಳ ಸಂಗತಿಯಲ್ಲವೆ, ಕನ್ನಡದ ಮೇಷ್ಟರಿಗೆ ಇದರಲ್ಲೇನು ಕೆಲಸ ಎಂದು ಕೇಳುಗರಲ್ಲಿ ಕೆಲವರಿಗೆ ಅನ್ನಿಸಬಹುದು. ಇದು ಮೊದಲು ಭಾಷೆಯ ಸಂಗತಿ, ಆಮೇಲೆ ಯಂತ್ರದ ಸಂಗತಿ ಎಂಬುದು ನನ್ನ ವಾದ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. 2022ರ ನವೆಂಬರಿನಲ್ಲಿ ಓಪನ್‌ಎಐ ಸಂಸ್ಥೆಯ ಚಾಟ್‌ಜಿಪಿಟಿ ಬಂದಾಗ ಅದು ಕೇಳಿದ್ದಕ್ಕೆ ಉತ್ತರ ಬರೆಯುವ ಯಂತ್ರವಾಗಿತ್ತು. 2023ರ ಜೂನ್‌ನಲ್ಲಿ ಅದೇ ಸಂಸ್ಥೆ, ತನ್ನ ಭಾಷಾಮಾದರಿಗಳು ಹೊರಗಿನ ಸಾಧನಗಳನ್ನು ಬೇಕೆಂದು ಕೇಳಿ ಪಡೆಯುವ ಒಂದು ಕ್ರಮವನ್ನು ಪ್ರಕಟಿಸಿತು. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಎಂಬ ಇನ್ನೊಂದು ಸಂಸ್ಥೆ, ಸಾಧನಗಳನ್ನು ಇಂಥ ಯಂತ್ರಗಳಿಗೆ ಜೋಡಿಸುವುದಕ್ಕೆ ಯಾರು ಬೇಕಾದರೂ ಬಳಸಬಹುದಾದ ಒಂದು ಸಾಮಾನ್ಯ ಪದ್ಧತಿಯನ್ನು ಹೊರಗಿಟ್ಟಿತು. ಅದರ ಹೆಸರು ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್. ಅಲ್ಲಿಂದೀಚೆಗೆ ಯಂತ್ರವು ಬರಿಯ ಮಾತಿನಲ್ಲಿ ನಿಲ್ಲದೆ ಟಿಕೆಟ್ಟು ಕಾದಿರಿಸುವುದು, ಲೆಕ್ಕದ ಪಟ್ಟಿ ತೆರೆಯುವುದು, ಪತ್ರ ಕಳಿಸುವುದು ಮುಂತಾದ ಕೆಲಸಗಳಿಗೂ ತೊಡಗಿದೆ. ಹೀಗೆ ಒಬ್ಬರ ಪರವಾಗಿ ಕೆಲಸಕ್ಕೆ ಇಳಿಯುವ ಯಂತ್ರವನ್ನು ಏಜೆಂಟ್ ಎಂದು ಕರೆಯುತ್ತಾರೆ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯನ್ನು ಬಲ್ಲ ನಮಗೆ ಏಜೆಂಟ್ ಎಂಬ ಮಾತು ಹೊಸದಲ್ಲ. ಮಾಲು ನಮ್ಮದು, ಮಾತು ಅವನದು, ಲಾಭನಷ್ಟ ಮತ್ತೆ ನಮ್ಮದು. ಹೊಸ ಏಜೆಂಟಿನ ವಿಚಾರದಲ್ಲೂ ಇಷ್ಟನ್ನು ನೆನಪಿಟ್ಟರೆ ಸಾಕು.

ಈ ಪದ್ಧತಿಯಲ್ಲಿ ಪ್ರತಿಯೊಂದು ಸಾಧನದ ಬಗ್ಗೆಯೂ ಯಂತ್ರಕ್ಕೆ ಮುಖ್ಯವಾಗಿ ಮೂರು ಸಂಗತಿಗಳನ್ನು ತಿಳಿಸುತ್ತಾರೆ. ಒಂದು, ಸಾಧನದ ಹೆಸರು. ಎರಡು, ಅದು ಏನು ಮಾಡುತ್ತದೆ ಎಂಬ ವಿವರಣೆ. ಮೂರು, ಅದಕ್ಕೆ ನಾವು ಒದಗಿಸಬೇಕಾದ ಮಾಹಿತಿಯ ಪಟ್ಟಿ: ಇಲ್ಲಿ ಊರಿನ ಹೆಸರು ಬೇಕು, ಇಲ್ಲಿ ದಿನಾಂಕ ಬೇಕು, ಇಲ್ಲಿ ಸಂಖ್ಯೆ ಬೇಕು ಎಂದು. ಸಾಧನದ ಒಳಗೆ ಏನು ನಡೆಯುತ್ತದೆ ಎಂಬುದು ಸಾಮಾನ್ಯವಾಗಿ ಯಂತ್ರಕ್ಕೆ ಕಾಣುವುದಿಲ್ಲ. ಹೊರಗೆ ಅಂಟಿಸಿದ ಚೀಟಿಯೇ ಅದರ ಪಾಲಿಗೆ ಸಾಧನ. ಚೀಟಿ ತಪ್ಪಿದರೆ ಒಳಗಿನ ಯಂತ್ರಕೌಶಲ ಎಷ್ಟಿದ್ದರೂ ವ್ಯರ್ಥ.

ನಿವೃತ್ತನಾದ ಮೇಲೆ ನಾನು ತಿಪಟೂರು ತಾಲ್ಲೂಕಿನ ಬಿಳಿಗೆರೆಯಲ್ಲಿ ನೆಲಸಿದ್ದೇನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ಬದುಕು ತೆಂಗಿನ ಮರದ ಬುಡದಲ್ಲಿ ಬೇರೂರಿದ ಬದುಕು. ಇಲ್ಲಿ ಹುಡುಗನೊಬ್ಬ ಕಾಯಿ ಸುಲಿಯುವುದನ್ನು ಕಲಿಯುವುದು ಪುಸ್ತಕದಿಂದಲ್ಲ. ನೆಲಕ್ಕೆ ನೆಟ್ಟ ಹಾರೆಯ ಮುಂದೆ ಅಪ್ಪ ನಿಂತಿರುತ್ತಾನೆ. ಕಾಯಿಯನ್ನು ಯಾವ ಓರೆಯಲ್ಲಿ ಕುಕ್ಕುತ್ತಾನೆ, ಮಟ್ಟೆಯನ್ನು ಎತ್ತ ತಿರುಗಿಸಿ ಸೀಳುತ್ತಾನೆ ಎಂಬುದನ್ನು ಮಗ ನೋಡುತ್ತಾನೆ. ಅಂಗೈ ಎಲ್ಲಿಡಬಾರದು ಎಂಬುದು ಮೊದಲನೆಯ ದಿನವೇ ತಿಳಿಯುತ್ತದೆ, ಅದನ್ನು ಯಾರೂ ವಾಕ್ಯವಾಗಿ ಹೇಳಿರುವುದಿಲ್ಲ. ನಮ್ಮ ತಿಳಿವಳಿಕೆಯ ಬಹುಭಾಗ ಹೀಗೆ ವಾಕ್ಯವಾಗದೆ ಉಳಿದಿರುವಂಥದ್ದು. ಸಾಧನದ ವಿವರಣೆ ಬರೆಯಲು ಕುಳಿತವನಿಗೆ ಎದುರಾಗುವ ಕಷ್ಟ ಇದೇ. ತನಗೆ ಗೊತ್ತಿಲ್ಲದ್ದನ್ನು ಅವನು ವಿಚಾರಿಸಿ ಬರೆದಾನು. ಗೊತ್ತಿದೆಯೆಂಬುದೇ ಗೊತ್ತಾಗದಷ್ಟು ರಕ್ತಗತವಾದದ್ದನ್ನು ಬರೆಯುವುದು ಹೇಗೆ?

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನನ್ನ ಅಣ್ಣನ ಮೊಮ್ಮಗ ಕಳೆದ ಬೇಸಗೆಯಲ್ಲಿ ಊರಿಗೆ ಬಂದಿದ್ದ. ತೆಂಗು ಬೆಳೆಗಾರರು ಫೋನಿನಲ್ಲಿ ಕನ್ನಡದಲ್ಲೇ ಪ್ರಶ್ನೆ ಕೇಳಿದರೆ ಉತ್ತರ ಹುಡುಕಿ ಹೇಳುವ ಏಜೆಂಟ್ ಒಂದನ್ನು ಬಿಡುವಿನ ವೇಳೆಯಲ್ಲಿ ಕಟ್ಟುತ್ತಿದ್ದನಂತೆ. “ತಾತ, ಈ ವಿವರಣೆಗಳ ಕನ್ನಡವನ್ನು ಒಂದಿಷ್ಟು ನೋಡಿಕೊಡಿ” ಎಂದು ಕಾಗದ ಮುಂದಿಟ್ಟ. ಮೊದಲನೆಯ ಸಾಧನದ ಹೆಸರು ‘ಕೊಬ್ಬರಿ ದರ’. ವಿವರಣೆ: ‘ಕೊಬ್ಬರಿಯ ದರವನ್ನು ಕೊಡುತ್ತದೆ.’ ಕಾಗುಣಿತ ಸರಿಯಾಗಿತ್ತು, ವ್ಯಾಕರಣವೂ ಸರಿಯಾಗಿತ್ತು. ಆ ಹೊತ್ತಿಗೆ ಪಕ್ಕದ ಮನೆಯ ಹೆಂಗಸು ಮಜ್ಜಿಗೆಗೆಂದು ಬಂದಿದ್ದರು. ಹತ್ತಾರು ವರ್ಷ ಕಾಯಿ ಒಡೆಯುವ ಕೆಲಸ ಮಾಡಿದವರು, ಅಕ್ಷರ ಕಲಿತವರಲ್ಲ. ಆ ಒಂದು ವಾಕ್ಯವನ್ನು ಅವರಿಗೆ ಓದಿ ಹೇಳಿ, “ಅಕ್ಕಾ, ಇದು ನಿಮಗೆ ಅರ್ಥವಾಯಿತೆ?” ಎಂದೆ.

ಆಕೆ ಒಂದು ಕ್ಷಣ ಸುಮ್ಮನಿದ್ದು ಕೇಳಿದರು: “ಯಾವ ಕೊಬ್ರಿ ಮೇಷ್ಟ್ರೇ? ಉಂಡೇದಾ, ಎಣ್ಣೆಗೆ ಹಾಕಾದಾ? ಯಾವೂರ್ ಮಾರ್ಕೆಟ್ಟಿಂದು? ತಿಪಟೂರಿಂದಾ, ಅರಸೀಕೆರೆದಾ? ಯಾವತ್ತಿನ ರೇಟು? ಎಲ್ಲಾರ್ಗಿಂತ ಮೇಲೆ ಹೋಗಿದ್ದಾ, ನಮ್ಮಂಥೋರ್ಗೆ ಸಿಗಾದಾ?” ಹುಡುಗ ಪೆನ್ನು ತೆಗೆದುಕೊಂಡು ಗುರುತು ಹಾಕಿಕೊಳ್ಳತೊಡಗಿದ. ಆಕೆ ಕೇಳಿದ ಒಂದೊಂದು ಪ್ರಶ್ನೆಯೂ ಆ ವಿವರಣೆಯಲ್ಲಿದ್ದ ಒಂದೊಂದು ತೂತು.

ಆ ತೂತುಗಳು ಎಷ್ಟು ದೊಡ್ಡವು ಎಂಬುದನ್ನು ಅಂಕಿಗಳಲ್ಲೇ ನೋಡಬಹುದು. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಪ್ರಕಟಿಸಿದ ಕನಿಷ್ಠ ಬೆಂಬಲ ಬೆಲೆ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100 ರೂಪಾಯಿ, ಎಣ್ಣೆ ಕೊಬ್ಬರಿಗೆ 11,582 ರೂಪಾಯಿ. ವ್ಯತ್ಯಾಸ 518 ರೂಪಾಯಿ. ಹತ್ತು ಕ್ವಿಂಟಲ್ ಇಟ್ಟವನಿಗೆ ಒಂದು ವಿಶೇಷಣ ಬಿಟ್ಟುಹೋದದ್ದರಿಂದ 5,180 ರೂಪಾಯಿಯ ಲೆಕ್ಕ ತಪ್ಪುತ್ತದೆ. ತಿಪಟೂರಿನಲ್ಲಿ ನಿಂತು ಬರಿದೆ ‘ಕೊಬ್ಬರಿ’ ಎಂದರೆ ಅದು ಉಂಡೆ ಕೊಬ್ಬರಿಯೇ. ಕೇರಳದ ಮಾರುಕಟ್ಟೆಯಲ್ಲಿ ಹಾಗೆಂದರೆ ಗಾಣಕ್ಕೆ ಹೋಗುವ ಹೋಳು. ಪೇಟೆಯ ಅಡಿಗೆಮನೆಗಳಲ್ಲಿ ಹಸಿಯ ಕಾಯಿತುರಿಯನ್ನೂ ಕೊಬ್ಬರಿ ಎನ್ನುವವರಿದ್ದಾರೆ. ಇನ್ನು ದರ ಎಂದರೆ ಯಾವ ದರ? ಬೆಂಬಲ ಬೆಲೆ ಹಂಗಾಮಿಗೊಮ್ಮೆ ಸರ್ಕಾರ ಹೇಳುವಂಥದ್ದು. ಮಾರುಕಟ್ಟೆಯ ದರ ಹರಾಜಿನಿಂದ ಹರಾಜಿಗೆ ಏರಿಳಿಯುವಂಥದ್ದು. ಅದರಲ್ಲೂ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ಬಗೆ. ಗರಿಷ್ಠ ದರ ಒಂದೆರಡು ಒಳ್ಳೆಯ ಲಾಟುಗಳಿಗೆ ಸಿಕ್ಕಿದ್ದಿರಬಹುದು. ಅದನ್ನೇ ‘ಇಂದಿನ ದರ’ ಎಂದು ನಂಬಿ ಗಾಡಿ ಕಟ್ಟಿಸಿದವನು ಸಂಜೆ ಮೋರೆ ಇಳಿಬಿಟ್ಟು ಬರುತ್ತಾನೆ.

ಮಧ್ಯಾಹ್ನ ಮೂವರೂ ಕುಳಿತು ಆ ವಿವರಣೆಯನ್ನು ತಿದ್ದಿದೆವು. ತಿದ್ದಿದ ರೂಪ ಹೀಗಿತ್ತು: ‘ಹೆಸರಿಸಿದ ಮಾರುಕಟ್ಟೆಯಲ್ಲಿ ಹೆಸರಿಸಿದ ದಿನ ನಡೆದ ಹರಾಜಿನಲ್ಲಿ ಉಂಡೆ ಕೊಬ್ಬರಿಗೆ ಬಂದ ಕನಿಷ್ಠ, ಗರಿಷ್ಠ ಮತ್ತು ಮಾದರಿ ದರಗಳನ್ನು ಕ್ವಿಂಟಲಿಗೆ ಇಷ್ಟು ರೂಪಾಯಿ ಎಂದು ತಿಳಿಸುತ್ತದೆ. ನಡೆದುಹೋದ ಹರಾಜಿನ ದರವನ್ನು ಬೆಳೆಗಾರರು ಕೇಳಿದಾಗ ಇದನ್ನು ಬಳಸಬೇಕು. ಎಣ್ಣೆ ಕೊಬ್ಬರಿ, ಹಸಿ ಕಾಯಿ, ಎಳನೀರು ಇವುಗಳ ದರ ಇದರಲ್ಲಿ ಸಿಗುವುದಿಲ್ಲ. ಸರ್ಕಾರದ ಬೆಂಬಲ ಬೆಲೆಗೆ ಬೇರೆ ಸಾಧನವಿದೆ. ಮುಂದೆ ಬರಬಹುದಾದ ದರವನ್ನು ಇದು ಊಹಿಸುವುದಿಲ್ಲ. ಕೇಳಿದ ದಿನ ಹರಾಜು ನಡೆದಿರದಿದ್ದರೆ ಅದರ ಹಿಂದಿನ ಹರಾಜಿನ ದರವನ್ನು ದಿನಾಂಕದೊಡನೆ ಕೊಡುತ್ತದೆ. ಆ ದಿನಾಂಕವನ್ನು ಕೇಳಿದವರಿಗೆ ತಪ್ಪದೆ ಹೇಳಬೇಕು.’ ಸಾಧನದ ಹೆಸರನ್ನೂ ‘ಉಂಡೆ ಕೊಬ್ಬರಿ ಹರಾಜು ದರ’ ಎಂದು ಬದಲಿಸಿದೆವು. ಸಾಧನದ ಒಳಗಿನ ಒಂದು ಸಾಲನ್ನೂ ಮುಟ್ಟಲಿಲ್ಲ. ಹಿಂದೆ ಕೇಳಿದ್ದ ಪ್ರಶ್ನೆಗಳನ್ನೇ ಹುಡುಗ ಯಂತ್ರಕ್ಕೆ ಮತ್ತೆ ಕೇಳಿದಾಗ, ಎಳನೀರಿನ ಬೆಲೆ ಕೇಳಿದರೆ ಕೊಬ್ಬರಿಯ ಬೆಲೆ ಹೇಳುತ್ತಿದ್ದ ಯಂತ್ರ ‘ಆ ಮಾಹಿತಿ ನನ್ನಲ್ಲಿಲ್ಲ’ ಎಂದಿತು. ಇಲ್ಲವೆನ್ನುವುದನ್ನು ಕಲಿಸಿದ್ದು ಕೆಲವೇ ವಾಕ್ಯಗಳು.

ನಮ್ಮ ತರ್ಕಶಾಸ್ತ್ರ ಈ ಕೆಲಸಕ್ಕೆ ಬಹಳ ಹಿಂದೆಯೇ ಹೆಸರಿಟ್ಟಿದೆ. ಒಂದು ವಸ್ತುವನ್ನು ಉಳಿದವುಗಳಿಂದ ಬೇರ್ಪಡಿಸಿ ಹೇಳುವ ಮಾತಿಗೆ ಲಕ್ಷಣವೆಂದು ಹೆಸರು. ಲಕ್ಷಣಕ್ಕೆ ಮೂರು ದೋಷಗಳು ತಗಲಬಹುದು: ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ. ಪಾಠದಲ್ಲಿ ಹಸುವಿನ ಉದಾಹರಣೆ ಕೊಡುವುದು ವಾಡಿಕೆ. ಕಪಿಲವರ್ಣದ್ದು ಹಸು ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಅದು ಅವ್ಯಾಪ್ತಿ. ಕೊಂಬುಳ್ಳದ್ದು ಹಸು ಎಂದರೆ ಎಮ್ಮೆಯೂ ಒಳಗೆ ಬರುತ್ತದೆ, ಅದು ಅತಿವ್ಯಾಪ್ತಿ. ಒಂಟಿ ಗೊರಸಿನದು ಹಸು ಎಂದರೆ ಅಂಥ ಹಸುವೇ ಇಲ್ಲ, ಅದು ಅಸಂಭವ.

ಸಾಧನದ ವಿವರಣೆಗಳಲ್ಲಿ ಕಾಣುವ ತಪ್ಪುಗಳಲ್ಲಿ ಹೆಚ್ಚಿನವು ಈ ಮೂರರಲ್ಲೇ ಅಡಗುತ್ತವೆ. ಅರಸೀಕೆರೆಯ ದರವನ್ನೂ ಕೊಡಬಲ್ಲ ಸಾಧನಕ್ಕೆ ‘ತಿಪಟೂರಿನ ದರ’ ಎಂದು ಬರೆದರೆ ಅರಸೀಕೆರೆಯವನಿಗೆ ಯಂತ್ರ ‘ಗೊತ್ತಿಲ್ಲ’ ಎನ್ನುತ್ತದೆ, ಇದು ಅವ್ಯಾಪ್ತಿ. ದರವನ್ನಷ್ಟೇ ಬಲ್ಲ ಸಾಧನಕ್ಕೆ ‘ತೆಂಗಿಗೆ ಸಂಬಂಧಿಸಿದ ಎಲ್ಲ ಮಾಹಿತಿ’ ಎಂದು ಬರೆದರೆ ಕಪ್ಪುತಲೆ ಹುಳುವಿಗೆ ಔಷಧ ಕೇಳಿದಾಗಲೂ ಯಂತ್ರ ಅದೇ ಸಾಧನದ ಬಾಗಿಲು ತಟ್ಟುತ್ತದೆ, ಇದು ಅತಿವ್ಯಾಪ್ತಿ. ಅಂಗಡಿಯ ಫಲಕ ಬರೆದಂತೆ ವಿವರಣೆ ಬರೆಯುವವರು ಬೀಳುವುದು ಈ ಹಳ್ಳಕ್ಕೆ. ಹರಾಜು ಮುಗಿದ ಮೇಲಷ್ಟೇ ಅಂಕಿಗಳನ್ನು ಪಡೆಯುವ ಸಾಧನಕ್ಕೆ ‘ಈ ಕ್ಷಣದ ದರ’ ಎಂದು ಬರೆದರೆ ಅದು ಅಸಂಭವ. ಮೂರನೆಯದು ಕಾಲಾಂತರದಲ್ಲಿ ತಾನಾಗಿಯೇ ಹುಟ್ಟುವುದೂ ಉಂಟು: ಸಾಧನವನ್ನು ಬದಲಿಸುತ್ತಾರೆ, ಚೀಟಿಯನ್ನು ಬದಲಿಸುವುದಿಲ್ಲ. ನಿನ್ನೆ ನಿಜವಾಗಿದ್ದ ವಾಕ್ಯ ಇಂದು ಸುಳ್ಳಾಗಿ ಅಲ್ಲೇ ಅಂಟಿಕೊಂಡಿರುತ್ತದೆ. ಅಂಟಿಸಿದವನಿಗೆ ಅದು ಮರೆತಿರುತ್ತದೆ, ಓದುವ ಯಂತ್ರ ಅದನ್ನು ನಂಬುತ್ತಲೇ ಇರುತ್ತದೆ.

ಸಾಧನಕ್ಕೆ ಒದಗಿಸಬೇಕಾದ ಮಾಹಿತಿಯ ಪಟ್ಟಿಯಲ್ಲಿ ಮತ್ತೆ ಕಾರಕಗಳೇ ನೆರವಿಗೆ ಬರುತ್ತವೆ. ಯಾವುದನ್ನು, ಯಾರಿಗೆ, ಎಲ್ಲಿಂದ, ಎಲ್ಲಿ ಎಂದು ಒಂದೊಂದನ್ನೂ ಕೇಳುತ್ತ ಹೋದರೆ ಪಟ್ಟಿ ತುಂಬುತ್ತದೆ. ಇಲ್ಲಿ ಕನ್ನಡಕ್ಕೆ ವಿಶೇಷವಾದ ಒಂದು ತೊಡಕನ್ನು ಹೇಳಬೇಕು. ಹಣ ವರ್ಗಾಯಿಸುವ ಸಾಧನವೊಂದರಲ್ಲಿ ಒಂದು ಕಡೆ ‘ಹಣ ಹೋಗುವ ಖಾತೆ’ ಎಂದು ಬರೆದಿದೆಯೆನ್ನಿ. ಹಣ ಯಾವ ಖಾತೆಯಿಂದ ಹೋಗುತ್ತದೆಯೋ ಅದೋ, ಯಾವ ಖಾತೆಗೆ ಹೋಗುತ್ತದೆಯೋ ಅದೋ? ಎರಡು ಅರ್ಥಗಳೂ ಸಾಧುವೇ. ಕನ್ನಡದಲ್ಲಿ ಕೃದಂತ ವಿಶೇಷಣದ ಮುಂದೆ ನಾಮಪದ ಬಂದು ಕುಳಿತಾಗ ಅದರ ವಿಭಕ್ತಿ ಕಳಚಿಬಿದ್ದು, ಅಪಾದಾನವೂ ಸಂಪ್ರದಾನವೂ ಒಂದೇ ಮುಖ ತೊಟ್ಟು ನಿಲ್ಲುತ್ತವೆ. ‘ನಾನು ಬಂದ ಊರು’ ಎಂದಾಗಲೂ ಹೀಗೆಯೇ. ಮಾತಿನ ಸಂದರ್ಭ ಅದನ್ನು ಬಿಡಿಸುತ್ತದೆ. ಚೀಟಿಗೆ ಸಂದರ್ಭವಿಲ್ಲ. ಆದುದರಿಂದ ‘ಯಾವ ಖಾತೆಯಿಂದ’, ‘ಯಾವ ಖಾತೆಗೆ’ ಎಂದು ವಿಭಕ್ತಿಯನ್ನು ಬಾಯಿಬಿಟ್ಟು ಹೇಳಬೇಕು. ಇಂಗ್ಲಿಷಿನಿಂದ ಮಾತಿಗೆ ಮಾತು ಅನುವಾದಿಸಿದವರಿಗೆ ಈ ತೊಡಕು ಕಾಣುವುದಿಲ್ಲ. ವಿಭಕ್ತಿಯ ಪಾಠ ಕೇಳಿದ ಪ್ರೌಢಶಾಲೆಯ ಹುಡುಗಿಗೆ ಕಂಡೀತು.

ಅಳತೆಯ ವಿಚಾರವೂ ಹಾಗೆಯೇ. ನಮ್ಮಲ್ಲಿ ಜಮೀನಿನ ಮಾತು ಬಂದಾಗ 1.20 ಎಂದು ಬರೆದರೆ ಒಂದು ಎಕರೆ ಇಪ್ಪತ್ತು ಗುಂಟೆ ಎಂದರ್ಥ. ನಲವತ್ತು ಗುಂಟೆಗೆ ಒಂದು ಎಕರೆಯಾದುದರಿಂದ ಅದು ಒಂದೂವರೆ ಎಕರೆ. ಯಂತ್ರವಾದರೋ ಅದನ್ನು ದಶಮಾಂಶವೆಂದು ಓದಿ ಒಂದು ಎಕರೆ ಎಂಟು ಗುಂಟೆ ಎಂದು ತಿಳಿಯಬಹುದು. ಹನ್ನೆರಡು ಗುಂಟೆ ತೋಟ ಒಂದು ಚುಕ್ಕೆಯಲ್ಲಿ ಮಾಯವಾಯಿತು! ‘ಎಕರೆಯನ್ನು ಒಂದು ಕಡೆ, ಗುಂಟೆಯನ್ನು ಇನ್ನೊಂದು ಕಡೆ ಬರೆಯಬೇಕು, ಗುಂಟೆ 39ಕ್ಕೆ ಮೀರಬಾರದು’ ಎಂದು ಹೇಳಿದರೆ ಗೊಂದಲವಿಲ್ಲ. ದಿನಾಂಕವೂ ಅಷ್ಟೆ. 3-4-2025 ಎಂಬುದು ನಮಗೆ ಏಪ್ರಿಲ್ ಮೂರು, ಅಮೆರಿಕದವರಿಗೆ ಮಾರ್ಚ್ ನಾಲ್ಕು. ಯಾವ ಕ್ರಮದಲ್ಲಿ ಬರೆಯಬೇಕೆಂದು ಒಂದು ಮಾದರಿ ಕೊಟ್ಟರೆ ಹತ್ತು ಮಾತು ಉಳಿಯುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಭೇದಕ್ಕೆ ಬರುತ್ತೇನೆ. ಕೇಳಿ ತಿಳಿಯುವ ಸಾಧನ ಬೇರೆ, ಕೆಲಸ ಮಾಡಿಬಿಡುವ ಸಾಧನ ಬೇರೆ. ದರ ತಿಳಿಸುವ ಸಾಧನವನ್ನು ತಪ್ಪಾಗಿ ಹತ್ತು ಸಲ ಬಳಸಿದರೂ ಮತ್ತೆ ಕೇಳಬಹುದು. ಮಾರಾಟಕ್ಕೆ ಒಪ್ಪಿಗೆ ಕೊಡುವ ಸಾಧನವೊಂದು ಇದೆಯೆಂದು ಇಟ್ಟುಕೊಳ್ಳಿ. ಅದನ್ನು ಒಂದು ಸಲ ತಪ್ಪಾಗಿ ಬಳಸಿದರೆ ಮುಗಿಯಿತು. ಇದು ಬರಿಯ ಕಲ್ಪನೆಯಲ್ಲ. ಕರ್ನಾಟಕದ ಕೃಷಿ ಮಾರುಕಟ್ಟೆಗಳನ್ನು ಒಂದು ವಿದ್ಯುನ್ಮಾನ ಜಾಲಕ್ಕೆ ತರುವ ಉದ್ದೇಶದಿಂದ ರಾಷ್ಟ್ರೀಯ ಇ-ಮಾರುಕಟ್ಟೆ ಸೇವೆಗಳು ಎಂಬ ಸಂಸ್ಥೆ 2014ರಲ್ಲಿ ಸ್ಥಾಪನೆಯಾಯಿತು. ಕೇಂದ್ರದ ಇ-ನಾಮ್ ಯೋಜನೆ 2016ರ ಏಪ್ರಿಲಿನಲ್ಲಿ ಆರಂಭವಾಯಿತು. ವ್ಯಾಪಾರ ಕಂಪ್ಯೂಟರಿನ ಮೇಲೆ ಬಂದಾಗಿದೆ. ಅದರ ಮುಂದೆ ನಾಳೆ ಏಜೆಂಟ್ ಕುಳಿತುಕೊಳ್ಳುವುದು ದೂರದ ಮಾತಲ್ಲ.

ಆ ಒಂದು ಒಪ್ಪಿಗೆಯ ಹಿಂದೆ ಏನಿರುತ್ತದೆ? ಹೊಂಬಾಳೆ ಬಿಚ್ಚಿದ ಮೇಲೆ ಕಾಯಿ ಬಲಿಯುವುದಕ್ಕೆ ಸುಮಾರು ಒಂದು ವರ್ಷ. ಕೆಡವಿದ ಕಾಯಿಯನ್ನು ಮಟ್ಟೆಯ ಸಮೇತ ಅಟ್ಟಕ್ಕೆ ಏರಿಸಿ, ಒಳಗಿನ ನೀರು ಇಂಗಿ ಉಂಡೆ ಗಿಟಕು ಲೊಡಲೊಡ ಎನ್ನುವವರೆಗೆ ಕಾಯುವುದಕ್ಕೆ ಮತ್ತೆ ಎಂಟರಿಂದ ಹನ್ನೆರಡು ತಿಂಗಳು. ಆಮೇಲೆ ಸುಲಿಯುವುದು, ಒಡೆಯುವುದು, ಕೌಟು ಹಿಡಿದದ್ದನ್ನು ಬೇರ್ಪಡಿಸುವುದು. ಸುಮಾರು ಎರಡು ವರ್ಷದ ತಾಳ್ಮೆ ಒಂದು ಲಾಟಿನಲ್ಲಿ ಕುಳಿತಿರುತ್ತದೆ. ಮಗಳ ಮದುವೆಯೋ ಬ್ಯಾಂಕಿನ ಸಾಲವೋ ಆ ಲಾಟನ್ನು ನೆಚ್ಚಿಕೊಂಡಿರುತ್ತದೆ. ‘ಈ ದರಕ್ಕೆ ಕೊಟ್ಟರೆ ಹೇಗೆ?’ ಎಂದು ರೈತ ವಿಚಾರಿಸಿದ್ದನ್ನು ‘ಈ ದರಕ್ಕೆ ಕೊಟ್ಟುಬಿಡು’ ಎಂದು ಯಂತ್ರ ತಿಳಿದುಕೊಂಡರೆ ಎರಡು ವರ್ಷ ಒಂದು ಕ್ಷಣದಲ್ಲಿ ಹೋಗುತ್ತದೆ.

ಆದುದರಿಂದ ಅಂಥ ಸಾಧನದ ವಿವರಣೆಯಲ್ಲಿ ಮೊದಲನೆಯ ವಾಕ್ಯವೇ ಎಚ್ಚರಿಕೆಯಾಗಿರಬೇಕು: ‘ಇದು ಮಾರಾಟವನ್ನು ಕಾಯಂ ಮಾಡುತ್ತದೆ, ಹಿಂದಕ್ಕೆ ಪಡೆಯಲಾಗುವುದಿಲ್ಲ. ಲಾಟಿನ ಸಂಖ್ಯೆ, ತೂಕ, ದರ ಈ ಮೂರನ್ನೂ ಮಾಲಿನ ಒಡೆಯನಿಗೆ ಓದಿ ಹೇಳಿ, ಅವನು ಸ್ಪಷ್ಟವಾಗಿ ಒಪ್ಪಿದ ಮೇಲೆ ಮಾತ್ರ ಬಳಸಬೇಕು. ದರ ವಿಚಾರಿಸುವುದಕ್ಕಾಗಿ ಇದನ್ನು ಬಳಸಕೂಡದು.’ ಇಷ್ಟು ಬರೆದ ಮಾತ್ರಕ್ಕೆ ನಿಶ್ಚಿಂತೆಯಾಗಿರಬಾರದು. ನಾನು ಹೇಳಿದ ಆ ಸಾಮಾನ್ಯ ಪದ್ಧತಿಯಲ್ಲಿ, ಸಾಧನವು ಓದುವುದಕ್ಕೆ ಮಾತ್ರವೋ ಅಥವಾ ಇರುವುದನ್ನು ಅಳಿಸಬಲ್ಲುದೋ ಎಂದು ಗುರುತು ಹಾಕುವುದಕ್ಕೂ ಅವಕಾಶವಿದೆ. ಅವು ಸೂಚನೆಗಳು, ಬೀಗಗಳಲ್ಲ. ‘ಒಳಗೆ ಬರಬೇಡಿ’ ಎಂಬ ಫಲಕ ಒಳ್ಳೆಯದೇ, ತೋಟಕ್ಕೆ ಬೇಲಿಯೂ ಬೇಕು. ಒಡೆಯನ ಒಪ್ಪಿಗೆಯಿಲ್ಲದೆ ಸಾಧನವೇ ಅಲ್ಲಾಡದಂತೆ ಕಟ್ಟುವುದು ಎಂಜಿನಿಯರನ ಹೊಣೆ. ಭಾಷೆ ಮಾಡಬಹುದಾದದ್ದನ್ನು ಭಾಷೆಯಿಂದ ಮಾಡಿಸಬೇಕು, ಭಾಷೆಗೆ ಮೀರಿದ್ದನ್ನು ಅದರ ಮೇಲೆ ಹೊರಿಸಬಾರದು.

ವಿವರಣೆ ಎಷ್ಟು ಉದ್ದವಿರಬೇಕು? ನಮ್ಮ ಪ್ರಾಚೀನರು ಸೂತ್ರವನ್ನು ಮೆಚ್ಚಿದರು: ಅಕ್ಷರ ಕಡಿಮೆ, ಸಂದೇಹವಿಲ್ಲ, ಸಾರವಿದೆ. ಸೂತ್ರದ ಬೆನ್ನಿಗೆ ಭಾಷ್ಯವಿತ್ತು, ಭಾಷ್ಯದ ಬೆನ್ನಿಗೆ ಗುರುವಿದ್ದ ಎಂಬುದನ್ನು ನಾವು ಮರೆಯಬಾರದು. ಚೀಟಿಗೆ ಇವೆರಡೂ ಇಲ್ಲ. ಆದ್ದರಿಂದ ಅದು ಸೂತ್ರಕ್ಕಿಂತ ಉದ್ದವಾಗಲೇಬೇಕು. ಹಾಗೆಂದು ಪುರಾಣವಾಗಲೂಬಾರದು, ಯಂತ್ರ ಒಂದು ಸಲಕ್ಕೆ ಎದುರಿಗಿಟ್ಟುಕೊಂಡು ಓದಬಲ್ಲುದಕ್ಕೆ ಮಿತಿಯಿದೆ, ಸಾಧನಗಳ ವಿವರಣೆಯೆಲ್ಲ ಆ ಮಿತಿಯಲ್ಲೇ ಪಾಲು ಕೇಳುತ್ತದೆ. ‘ಕೊಬ್ಬರಿ ಮಾಹಿತಿ’, ‘ಕೊಬ್ಬರಿ ವಿವರ’, ‘ಕೊಬ್ಬರಿ ಹುಡುಕು’ ಎಂದು ಮೂರು ಸಾಧನಗಳನ್ನು ಒಟ್ಟಿಗಿಟ್ಟರೆ ಯಾವುದನ್ನು ಎತ್ತಿಕೊಳ್ಳಬೇಕೆಂದು ಮನುಷ್ಯನಿಗೇ ತಿಳಿಯದು, ಯಂತ್ರಕ್ಕೆ ತಿಳಿದೀತೆ? ಎರಡು ಸಾಧನಗಳ ಭೇದವನ್ನು ಒಂದು ವಾಕ್ಯದಲ್ಲಿ ಹೇಳಲಾಗದಿದ್ದರೆ ತಪ್ಪು ವಾಕ್ಯದ್ದಲ್ಲ. ಅವು ಒಂದೇ ಸಾಧನವಾಗಿರಬೇಕಿತ್ತು. ವಿವರಣೆ ಬರೆಯುವ ಕೆಲಸ ಹೀಗೆ ಸಾಧನ ಕಟ್ಟಿದವನ ಆಲೋಚನೆಯನ್ನೂ ಒರೆಗೆ ಹಚ್ಚುತ್ತದೆ.

ಸಾಧನ ತಿರುಗಿ ಆಡುವ ಮಾತೂ ವಿವರಣೆಯ ಭಾಗವೇ ಎಂದು ತಿಳಿಯಬೇಕು. ಯಂತ್ರ ಕೊಟ್ಟ ಮಾಹಿತಿ ಸರಿಯಿಲ್ಲದಾಗ ಬರಿದೆ ‘ತಪ್ಪು’ ಎಂದರೆ ಅದು ಅದೇ ತಪ್ಪನ್ನು ಮತ್ತೆ ಮಾಡೀತು, ಇಲ್ಲವೆ ಉತ್ತರವನ್ನು ಹೊಸೆದು ಹೇಳೀತು. ‘ಈ ಹೆಸರಿನ ಮಾರುಕಟ್ಟೆ ಪಟ್ಟಿಯಲ್ಲಿಲ್ಲ; ತಿಪಟೂರು, ಅರಸೀಕೆರೆ ಇವುಗಳಲ್ಲಿ ಒಂದನ್ನು ಹೇಳಿ’ ಎಂದರೆ ದಾರಿ ಸಿಗುತ್ತದೆ. ಉತ್ತರಪತ್ರಿಕೆ ತಿದ್ದಿದವರೆಲ್ಲರಿಗೂ ಇದು ಗೊತ್ತು. ಕೆಂಪು ಗೀಟು ಯಾರಿಗೂ ಪಾಠ ಹೇಳುವುದಿಲ್ಲ. ಅಂಚಿನಲ್ಲಿ ಬರೆದ ಒಂದು ಮಾತು ಹೇಳುತ್ತದೆ.

ಓದಿದ್ದನ್ನು ನಂಬುವ ಯಂತ್ರಕ್ಕೆ ಇನ್ನೊಂದು ಅಪಾಯವೂ ಇದೆ. ಸಾಧನದ ವಿವರಣೆಯೊಳಗೇ ಕಪಟದ ಅಪ್ಪಣೆಗಳನ್ನು ಅಡಗಿಸಿಟ್ಟು, ಒಡೆಯನಿಗೆ ತಿಳಿಯದಂತೆ ಏಜೆಂಟಿನಿಂದ ಬೇರೆ ಕೆಲಸ ಮಾಡಿಸಬಹುದೆಂಬುದನ್ನು ಭದ್ರತೆಯ ಸಂಶೋಧಕರು 2025ರಲ್ಲಿ ತೋರಿಸಿಕೊಟ್ಟಿದ್ದಾರೆ. ಯಾರು ಬರೆದ ಚೀಟಿ ಎಂಬುದನ್ನು ನೋಡದೆ ಸಾಧನವನ್ನು ಮನೆಯೊಳಕ್ಕೆ ಬಿಟ್ಟುಕೊಳ್ಳಬಾರದು. ಮಾತಿಗೆ ಇಷ್ಟು ನೇರವಾದ ಬಲ ಬಂದಿರುವಾಗ ಮಾತನ್ನು ಓದುವ ಎಚ್ಚರವೂ ಅಷ್ಟೇ ಬೇಕು.

ಕೊನೆಯದಾಗಿ ಕನ್ನಡದ ಮಾತು. ಇಂದು ಇಂಥ ವಿವರಣೆಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲೇ ಇವೆ. ರೈತ ಕನ್ನಡದಲ್ಲಿ ಕೇಳುತ್ತಾನೆ, ಯಂತ್ರ ಇಂಗ್ಲಿಷಿನ ಚೀಟಿಯನ್ನು ಓದುತ್ತದೆ. ‘ಉಂಡೆ’, ‘ಗಿಟಕು’, ‘ಕೌಟು’, ‘ಗುಂಟೆ’ ಎಂಬ ಮಾತುಗಳು ಆ ನಡುದಾರಿಯಲ್ಲಿ ಕಳೆದುಹೋಗುತ್ತವೆ. ವಿವರಣೆ ಯಾವ ಭಾಷೆಯಲ್ಲಿದ್ದರೂ ಸರಿ, ಜನ ಆಡುವ ಮಾತುಗಳನ್ನು ಅದರೊಳಗೆ ಹೆಸರಿಸಿ ಅರ್ಥ ಹೇಳಬೇಕೆಂಬುದು ನನ್ನ ಬಿನ್ನಹ. ನಮ್ಮಲ್ಲಿ ಪದಗಳ ಸೇವೆ ಮಾಡಿದ ಪರಂಪರೆ ದೊಡ್ಡದು. 1894ರಲ್ಲಿ ಕಿಟ್ಟೆಲರ ನಿಘಂಟು ಮಂಗಳೂರಿನಿಂದ ಹೊರಬಂತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ದುಡಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು 2021ರಲ್ಲಿ ತೀರಿಕೊಳ್ಳುವವರೆಗೂ ಪದಗಳನ್ನೇ ಧ್ಯಾನಿಸಿದರು. ಅವರ ‘ಇಗೋ ಕನ್ನಡ’ ಅಂಕಣ ಓದುಗರ ಸಂದೇಹಗಳಿಗೆ ಉತ್ತರ ಕೊಟ್ಟಿತು. ನಿಘಂಟಿನ ಕೆಲಸ ಒಂದು ಪದಕ್ಕಿರುವ ಅರ್ಥಗಳನ್ನೆಲ್ಲ ತೆರೆದಿಡುವುದು. ಸಾಧನದ ವಿವರಣೆ ಮಾಡಬೇಕಾದದ್ದು ಅದಕ್ಕೆ ವಿರುದ್ಧವಾದ ಕೆಲಸ: ಈ ಜಾಗದಲ್ಲಿ ಈ ಪದಕ್ಕೆ ಈ ಒಂದೇ ಅರ್ಥವೆಂದು ಉಳಿದ ಬಾಗಿಲುಗಳನ್ನು ಮುಚ್ಚುವುದು. ಎಷ್ಟು ಬಾಗಿಲುಗಳಿವೆಯೆಂದು ಬಲ್ಲವನೇ ಮುಚ್ಚಬಲ್ಲ. ಆದುದರಿಂದ ಭಾಷೆ ಓದಿದ ನಮ್ಮ ಹುಡುಗ ಹುಡುಗಿಯರು ಈ ಕ್ಷೇತ್ರ ತಮ್ಮದಲ್ಲವೆಂದು ದೂರ ಸರಿಯಬೇಕಾಗಿಲ್ಲ. ಎಂಜಿನಿಯರುಗಳು ಕಾಯಿ ಒಡೆಯುವ ಹೆಂಗಸಿನ ಮುಂದೆ, ಪಹಣಿ ಓದಬಲ್ಲ ಮುದುಕನ ಮುಂದೆ ತಮ್ಮ ಚೀಟಿಯನ್ನು ಒಮ್ಮೆ ಓದಿ ನೋಡುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ಎದುರಿಗಿರುವವನು ಮುಖ ಸಿಂಡರಿಸಿದರೆ ನಾವು ಮಾತನ್ನು ತಿದ್ದಿಕೊಳ್ಳುತ್ತೇವೆ. ಕಾಣದ ಓದುಗನಿಗೆ ಬರೆಯುವಾಗ ಆ ಅನುಕೂಲವಿಲ್ಲ. ಅವನ ಸಂದೇಹಗಳನ್ನು ಅವನಿಗಿಂತ ಮೊದಲೇ ನಾವು ಪಡಬೇಕು; ಅವನು ಎಲ್ಲಿ ದಾರಿ ತಪ್ಪಬಹುದೋ ಅಲ್ಲಿ ಮುಂಚಿತವಾಗಿ ಹೋಗಿ ನಿಂತಿರಬೇಕು. ಸ್ಪಷ್ಟತೆ ಎಂಬುದು ಬರಹದ ಅಲಂಕಾರಗಳಲ್ಲಿ ಒಂದಲ್ಲ, ಇನ್ನೊಬ್ಬರ ಎರಡು ವರ್ಷದ ದುಡಿಮೆಗೆ ನಾವು ತೋರಿಸುವ ಮರ್ಯಾದೆ.